ಗಂಟೆ ಕಟ್ಟಿದ ಲಾರಿ

ಸಿದ್ದಾಪುರದಲ್ಲಿ ಕುರಿ ಕಾಯುವ ಕ್ಯಾತಮ್ಮನಿಗೆ ಆಟದ ಸಾಮಾನೆಂದರೆ ಸಿಟ್ಟು. ಆದರೂ ತಮ್ಮ ಬಾಲರಾಜ್ ಚಳ್ಳಕೆರೆಯಿಂದ ತಂದ, ದಪ್ಪ ಗಾಲಿಗಳ ರಿಮೋಟ್ ಲಾರಿ ಕಲ್ಲುಗುಡ್ಡ ಹತ್ತಿದ್ದನ್ನು ಕಂಡು ಅವಳಿಗೊಂದು ಯೋಚನೆ ಹೊಳೆಯಿತು. ಮಂದೆಯ ಮುಂದೆ ಹೋಗುತ್ತಿದ್ದ ಹಳೇ ಟಗರು ಈಗ ಕುಂಟುತ್ತಿತ್ತು. ಅದರ ಕೊರಳ ಗಂಟೆ ಬಿಚ್ಚಿ ಲಾರಿಗೆ ಕಟ್ಟಿದರೆ?

"ಕುರಿಗೆ ಅಷ್ಟೂ ಗೊತ್ತಾಗಲ್ವೇನಕ್ಕಾ?" ಎಂದು ಬಾಲರಾಜ್ ನಕ್ಕ.

"ನೋಡಾನ, ಸುಮ್ಕಿರಲೇ."

ಕ್ಯಾತಮ್ಮ ರಿಮೋಟ್ ಒತ್ತಿದಳು. ಕುರಿಗಳೆಲ್ಲ ಲಾರಿಯ ಹಿಂದೆ ಹೊರಟವು!

ಅಂದಿನಿಂದ ಅವಳಿಗೆ ಒಂದೇ ಕುತೂಹಲ, ಇದು ಎಷ್ಟು ದಿನ ಬಾಳೀತು? ಮೊದಲು ಬಂಡೆಗೆ ಬಡಿದು, ಮುಂದಿನ ಗಾಲಿ ಹಿಡಿದಿದ್ದ ಪ್ಲಾಸ್ಟಿಕ್ ತೋಳು ಮುರಿಯಿತು. ಬಾಲರಾಜ್ ಹೊಸದು ಹಾಕಿದ. ಆಮೇಲೆ ಗಾಲಿಯ ಅಚ್ಚಿಗೆ ಕುರಿಯ ತುಪ್ಪಟ ಸುತ್ತಿಕೊಂಡು ಮೋಟಾರು ಕಾದು ನಿಂತಿತು. ಅದನ್ನು ಅವಳೇ ಕತ್ತರಿಸಿ ತೆಗೆದಳು. ಆದರೆ ಗಂಟೆ ಕಳೆದುಕೊಂಡ ಟಗರು ಎಷ್ಟು ಸಲ ಗುದ್ದಿ ಉರುಳಿಸಿದರೂ ಲಾರಿಗೆ ಒಂದು ಬಿರುಕೂ ಬೀಳಲಿಲ್ಲ.

ಒಂದು ಸಂಜೆ ಬ್ರಹ್ಮಗಿರಿಯ ತಪ್ಪಲಲ್ಲಿ ಲಾರಿ ನಿಂತುಬಿಟ್ಟಿತು. ಮೋಟಾರು ಗಿರ್ರೆನ್ನುತ್ತಿತ್ತು, ಗಾಲಿ ಮಾತ್ರ ತಿರುಗಲಿಲ್ಲ.

"ಗೇರಿನ ಹಲ್ಲು ಸವ್ದೋಗಿರ್ಬೇಕು ಅಕ್ಕಾ, ನಾಳೆ ಹೊಸದು ತರ್ತೀನಿ," ಎಂದ ಬಾಲರಾಜ್ ಫೋನಿನಲ್ಲಿ.

ಕುರಿಗಳು ಲಾರಿಯ ಸುತ್ತ ಮಲಗಿ ಮೆಲುಕು ಹಾಕತೊಡಗಿದವು. ಎಷ್ಟು ಬೈದರೂ ಒಂದೂ ಏಳಲಿಲ್ಲ. ಕ್ಯಾತಮ್ಮ ಲಾರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಊರ ಕಡೆ ಹೆಜ್ಜೆ ಹಾಕಿದಳು. ಗಂಟೆ ಅಲುಗಿತು, ಮಂದೆ ಎದ್ದು ಹಿಂಬಾಲಿಸಿತು.

ಹಳೇ ಟಗರೂ ಕುಂಟುತ್ತಾ ಹಿಂದಿನಿಂದ ಬಂತು. ಈ ಸಲ ಅದು ಗುದ್ದಿದ್ದು ಲಾರಿಗಲ್ಲ.