ಕೊನೆಯ ಕಂತಿಲ್ಲದ ಸಿನಿಮಾ

ಅರವತ್ತರ ದಶಕದಲ್ಲಿ ನಾನು ಹನೂರಿನಲ್ಲಿ ಹಿಂದಿ ಮೇಷ್ಟ್ರಾಗಿದ್ದೆ. ಕೊಳ್ಳೇಗಾಲದವನೊಬ್ಬ ಊರಾಚೆ ಸಿನಿಮಾ ಟೆಂಟ್ ಹಾಕಿದ್ದ. ಅವನನ್ನು ಕಂಡರೆ ಮೊದಲಿನಿಂದಲೂ ನನಗೆ ಅಷ್ಟಕ್ಕಷ್ಟೆ. ಆದರೂ ಅವನು ಮನೆಗೆ ಬಂದು ಕೇಳಿದಾಗ ಒಪ್ಪಿಕೊಂಡೆ. ನಮ್ಮ ಅಪ್ಪಂದಿರ ಕಾಲದಲ್ಲಿ ವಾರಕ್ಕೊಂದು ಕಂತಿನಂತೆ ತೋರಿಸುತ್ತಿದ್ದ ಹಿಂದಿ ಸಿನಿಮಾವೊಂದರ ರೀಲಿನ ಡಬ್ಬಗಳು ಅವನಿಗೆ ಸಿಕ್ಕಿದ್ದವು. ಆ ಪದ್ಧತಿ ಮತ್ತೆ ಶುರುಮಾಡುತ್ತೇನೆ, ನೀವು ಮೈಕಿನಲ್ಲಿ ಕನ್ನಡದಲ್ಲಿ ಕತೆ ಹೇಳಬೇಕು ಎಂದ.

ಕಳ್ಳರು ಹೊತ್ತೊಯ್ದ ತಮ್ಮನನ್ನು ಹುಡುಕುತ್ತ ಕುದುರೆಯೇರಿ ಹೊರಟ ಅಕ್ಕನ ಕತೆ ಅದು. ಪ್ರತಿ ಶುಕ್ರವಾರ ದೊಡ್ಡ ಸಿನಿಮಾಕ್ಕೆ ಮುಂಚೆ ಒಂದು ಕಂತು. ಅವಳು ಸೇತುವೆಯಿಂದ ಜೋತುಬಿದ್ದಂಥ ಗಳಿಗೆಗೆ ಸರಿಯಾಗಿ ತೆರೆ ಬೆಳ್ಳಗಾಗುತ್ತಿತ್ತು. ಜನ ಬೈದುಕೊಂಡರೂ ಮುಂದಿನ ವಾರ ತಪ್ಪದೆ ಬರುತ್ತಿದ್ದರು. ಬಸ್ ನಿಲ್ದಾಣದ ಬಳಿ ಸೊಪ್ಪು ಮಾರುತ್ತಿದ್ದ ಹೆಂಗಸಂತೂ ನಾನು ಕಂಡಾಗಲೆಲ್ಲ ತಮ್ಮ ಸಿಗುತ್ತಾನಾ ಎಂದು ವಿಚಾರಿಸುತ್ತಿದ್ದಳು. ತಮಿಳು ಸೀಮೆಗೆ ಕೂಲಿಗೆ ಹೋದ ಅವಳ ಸ್ವಂತ ತಮ್ಮನ ಸುದ್ದಿಯೇ ಇರಲಿಲ್ಲ.

ತಮ್ಮನನ್ನು ಗುಹೆಯಲ್ಲಿ ಕಟ್ಟಿಹಾಕಿದ ಕಂತು ಮುಗಿದ ಮರುವಾರ ಮಾಲೀಕ ನನ್ನನ್ನು ಪಕ್ಕಕ್ಕೆ ಕರೆದ. ಮುಂದಿನ ಡಬ್ಬಗಳು ಇಲ್ಲವಂತೆ. ಅದು ಅವನಿಗೆ ಮೊದಲೇ ಗೊತ್ತಿತ್ತಂತೆ.

"ಏನಾರ ಒಂದು ಕಟ್ಟಿ ಏಳ್ಬುಡಿ ಮೇಷ್ಟ್ರೇ. ಇವ್ರ್‌ಗೇನ್ ಗೊತ್ತಾದದು?" ಎಂದ.

ನಾನು ಮೈಕ್ ಹಿಡಿದು, ಸಿನಿಮಾ ಇಲ್ಲಿಗೇ ನಿಂತಿತು, ಉಳಿದ ಭಾಗ ಇವರ ಹತ್ತಿರ ಇರಲೇ ಇಲ್ಲ ಎಂದುಬಿಟ್ಟೆ. ಟೆಂಟಿನಲ್ಲಿ ಗದ್ದಲವೆದ್ದಿತು. ಸೊಪ್ಪಿನವಳು ಮಾತ್ರ ಗದ್ದಲ ಮಾಡದೆ ಎದ್ದು ಮಾಲೀಕನ ಎದುರು ನಿಂತಳು.

"ಅಂಗಾರೆ ಯಾಕ್ ತೋರ್ಸ್ದೆ?"

ಅವನು ನಕ್ಕ. "ಬುಡವ್ವ, ಬೊಂಬೆ ಆಟ ಅದು."

ಅವಳು ಬಗ್ಗಿ ಒಂದು ಹಿಡಿ ಮರಳು ತೆಗೆದು ಅವನ ಮುಖಕ್ಕೆ ಎರಚಿದಳು. ನನಗೆ ಹಿತವಾಯಿತು.

ಸ್ವಲ್ಪ ದಿನಕ್ಕೆ ಅವನು ಟೆಂಟ್ ಕಿತ್ತು ಯಳಂದೂರಿಗೆ ಹೋದ. ಅಲ್ಲಿ ಅದೇ ಸಿನಿಮಾವನ್ನು ಮೊದಲ ಕಂತಿನಿಂದ ಹಾಕುತ್ತಾನೆ ಎಂಬ ಸುದ್ದಿ ಬಂತು. ನನ್ನ ಮೈಯೆಲ್ಲ ಉರಿಯಿತು. ಶುಕ್ರವಾರ ರಜೆ ಹಾಕಿ ಹೊರಟೆ. ವಿಷಯ ತಿಳಿದ ಸೊಪ್ಪಿನವಳು ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ನನ್ನ ಜೊತೆಗೇ ಬಸ್ ಹತ್ತಿದಳು. ಕೊಳ್ಳೇಗಾಲದಲ್ಲಿ ಬಸ್ ಬದಲಾಯಿಸಿ ಯಳಂದೂರು ತಲುಪಿದೆವು.

ಅವಳು ಟೆಂಟಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳತೊಡಗಿದಳು: "ಈ ಕತೆಗೆ ಕೊನೆ ಇಲ್ಲ ಕಣ್ರಪ್ಪಾ. ಒಳೀಕೋಗಿ ಮನ್ಸ ಕೆಡಿಸ್ಕಬ್ಯಾಡಿ."

ಮಾಲೀಕ ಓಡಿಬಂದು ನನ್ನ ಕತ್ತಿನ ಪಟ್ಟಿ ಹಿಡಿದ. ನಾನೂ ಬಿಡಲಿಲ್ಲ. ಇಬ್ಬರ ಅಂಗಿಯೂ ಹರಿಯಿತು. ಒಬ್ಬರೂ ಬಿಡಿಸಲು ಬರಲಿಲ್ಲ. ಕೆಲವರು ವಾಪಸು ಹೋದರು, ಕೆಲವರು ನಮ್ಮನ್ನು ದಾಟಿಕೊಂಡು ಒಳಗೆ ಹೋಗಿ ಕೂತರು. ಹಾಗೆ ಕೂತವರ ಮೇಲೂ ನನಗೆ ಸಿಟ್ಟು ಬಂತು.

ಮರುವಾರ ಯಳಂದೂರಿನಲ್ಲೂ ಕಂತು ನಿಂತಿತಂತೆ. ಅವನು ಪೌರಾಣಿಕ ಸಿನಿಮಾ ಹಾಕಿಕೊಂಡ. ಮೇಷ್ಟ್ರು ತನ್ನ ಹೊಟ್ಟೆ ಮೇಲೆ ಹೊಡೆದರು ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ. ಸೊಪ್ಪಿನವಳ ತಮ್ಮ ಬರಲಿಲ್ಲ. ಅವಳು ಮತ್ತೆ ಯಾವ ಸಿನಿಮಾಕ್ಕೂ ಹೋಗಲಿಲ್ಲ.

ಎಪ್ಪತ್ತನೇ ಇಸವಿಯ ನಂತರ ಒಮ್ಮೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅವನು ಎದುರಾದ. ತಲೆ ನೆರೆತಿತ್ತು. ಟೀ ಕುಡಿಯೋಣ ಬನ್ನಿ ಎಂದು ಕರೆದ.

"ಇನ್ನೂ ಕ್ವಾಪನಾ ಮೇಷ್ಟ್ರೇ?"

ಹೌದು ಎಂದು ಹೇಳಿ ಹನೂರಿನ ಬಸ್ ಹತ್ತಿದೆ.