ಕೌದಿಯ ಬಾಯಿ, ಪ್ಲಗಿನ್ನಿನ ಫೈಲು

ಜೂನ್ 4, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹಾನಗಲ್ಲಿನ ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ದೊಡ್ಡವ್ವನ ಫೋನು ಬಂತು. ದೊಡ್ಡವ್ವ ಎಂದರೆ ಅವ್ವನ ಅಕ್ಕ. ಚಿಕ್ಕೇರೂರಿನಲ್ಲಿ ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾಳೆ. ಅವಳ ಕೌದಿಗಳಿಗೆಂದು ನಾನು ವೆಬ್‌ಸೈಟ್ ಮಾಡಿಕೊಟ್ಟು ಅಂದಿಗೆ ಹತ್ತೊಂಬತ್ತು ದಿನ.

"ಏನ ತಂಗಿ, ನನ್ನ ಕೌದಿ ಹುಡುಕಿದ್ರ ರೀಡ್‌ಮೀ, ರೀಡ್‌ಮೀ ಅಂತ ಸಾಲಕ ಸಾಲ ಬರಾಕತ್ತೇತಿ. ಭಜನಿ ಮಂದಿ ನನಗ ರೀಡವ್ವ ಅಂತ ಹೆಸರಿಟ್ಟಾರ!"

ನಗು ಬಂತು, ನಗಲಿಲ್ಲ. ಶಿಗ್ಗಾವಿಯಲ್ಲಿ ಹೆಣ್ಣುಮಕ್ಕಳ ಕೈಕಸುಬಿನ ಪ್ರದರ್ಶನವೊಂದು ನಡೆಯುವುದಿತ್ತು. ಒಂದೇ ಮೇಜು ಉಳಿದಿದೆ, ಮೂವತ್ತನೇ ತಾರೀಖಿಗೆ ಕೇಳಿದವರ ಕೆಲಸವನ್ನು ಇಂಟರ್‌ನೆಟ್‌ನಲ್ಲಿ ನೋಡಿ ಯಾರಿಗೆಂದು ತೀರ್ಮಾನಿಸುತ್ತೇವೆ ಎಂದು ಅದನ್ನು ನಡೆಸುವ ಮೇಡಮ್ಮು ಹೇಳಿದ್ದರು. ಅಷ್ಟು ವರ್ಷ ದೊಡ್ಡವ್ವನ ಕೌದಿ ಬಾಣಂತಿಯರ ಮನೆಗೆ ಹೋಗಿತ್ತೇ ಹೊರತು, ಇದು ಇಂಥವಳ ಕೆಲಸ ಎಂದು ಯಾರೂ ಅವಳಿಗೆ ಜಾಗ ಕೊಟ್ಟಿರಲಿಲ್ಲ. ಅವಳಿಗೆ ಆ ಮೇಜು ಬೇಕಿತ್ತು.

ಹುಡುಕಿ ನೋಡಿದೆ. ಸೈಟಿಗೆ ಹೊರಗಿನಿಂದ ಜೋಡಿಸುವ ಸಣ್ಣ ತಂತ್ರಾಂಶವನ್ನು ಪ್ಲಗಿನ್ ಅನ್ನುತ್ತೇವೆ. ಫೋಟೋ ತೋರಿಸಲು ಒಂದು, ವಿಚಾರಿಸುವವರ ಅರ್ಜಿಗೆ ಇನ್ನೊಂದು, ಹೀಗೆ ಆರು ಹಾಕಿದ್ದೆ. ಪ್ಲಗಿನ್ ಬಳಸುವ ಬಗೆ ಬರೆದಿರುವ ರೀಡ್‌ಮೀ ಫೈಲು, ಫೋಲ್ಡರಿನ ಪಟ್ಟಿ, ಹೀಗೆ ಅವುಗಳ ಒಳಗಿನದೆಲ್ಲ ಹುಡುಕಾಟದಲ್ಲಿ ಕೌದಿಗಿಂತ ಮುಂದೆ ಬಂದು ನಿಂತಿತ್ತು. ಅಂಥ ಕೊಂಡಿಗಳನ್ನು ಎಣಿಸಿ ಡೈರಿಯಲ್ಲಿ ಬರೆದುಕೊಂಡೆ: 37.

ಸೈಟುಗಳನ್ನು ಓದಿ ಹುಡುಕಾಟದ ಪಟ್ಟಿಗೆ ಸೇರಿಸುವ ತಂತ್ರಾಂಶವೇ ಸರ್ಚ್ ಎಂಜಿನ್ನಿನ ರೋಬೋಟು; ಅದು ಯಾವ ಸೈಟಿಗೆ ಬಂದರೂ ಮೊದಲು ಓದುವ ಫೈಲು ಒಂದಿರುತ್ತದೆ. ಪ್ಲಗಿನ್ ಫೋಲ್ಡರಿನೊಳಗೆ ಹೋಗಬೇಡ ಎಂದು ಅದರಲ್ಲಿ ಒಂದು ಸಾಲು ಬರೆದೆ. ಹನ್ನೊಂದೂ ಐದಕ್ಕೆ ಕೆಲಸ ಮುಗಿಯಿತು ಅಂದುಕೊಂಡೆ.

ದಿನಾ ಹತ್ತು ಗಂಟೆಗೆ ಎಣಿಸಿದೆ. ಜೂನ್ 7: 37. ಜೂನ್ 10: 37. ಜೂನ್ 13: 38. ಕಡಿಮೆಯಾಗುವ ಬದಲು ಒಂದು ಹೆಚ್ಚಾಗಿತ್ತು. ಪ್ರತಿ ಕೊಂಡಿಯ ಕೆಳಗೆ ಈಗ 'ಮಾಹಿತಿ ಲಭ್ಯವಿಲ್ಲ' ಎಂಬ ಸಾಲು ಬೇರೆ. ಫೋಟೋ ತೋರಿಸುವ ಪ್ಲಗಿನ್ನೂ ಅದೇ ಫೋಲ್ಡರಿನಲ್ಲಿದ್ದುದರಿಂದ ರೋಬೋಟಿಗೆ ಕೌದಿಯ ಫೋಟೋಗಳೂ ಕಾಣದಾಗಿದ್ದವು.

ಜೂನ್ 16, ಭಾನುವಾರ, ಅಕ್ಕಿಆಲೂರಿನಲ್ಲಿ ಬಸ್ಸು ಬದಲಿಸಿ ಚಿಕ್ಕೇರೂರಿಗೆ ಹೋದೆ. ತಪ್ಪೊಪ್ಪಿಕೊಳ್ಳಲು ಹೋಗಿದ್ದೆ. ದೊಡ್ಡವ್ವ ಪಡಸಾಲೆಯಲ್ಲಿ ಒಂದು ಕೌದಿ ಮುಗಿಸುತ್ತಿದ್ದಳು. ಒಂದು ಮೂಲೆ ಮಾತ್ರ ತೆರೆದಿತ್ತು. ಅದಕ್ಕೆ ಅವಳು ಬಾಯಿ ಅನ್ನುತ್ತಾಳೆ. "ಬಂದೆ, ತಡಿ" ಎಂದು ಅಡುಗೆಮನೆಗೆ ಹೋದಳು. ಸುಮ್ಮನೆ ಕೂರಲಾರದೆ ಸೂಜಿ ತೆಗೆದುಕೊಂಡು ಆ ಮೂಲೆಯನ್ನು ನಾನೇ ಹೊಲಿದುಬಿಟ್ಟೆ. ಒಂಬತ್ತು ಹೊಲಿಗೆ.

ಅವಳು ಹೋಳಿಗೆಯ ಚೂರು ಹಿಡಿದುಕೊಂಡು ಬಂದಳು. ಅವಳ ಮನೆಯಲ್ಲಿ ಕೌದಿಯ ಹೊಟ್ಟೆಗೆ ಒಂದು ತುತ್ತು ಇಟ್ಟ ಮೇಲೆಯೇ ಕೊನೆಯ ಹೊಲಿಗೆ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲವಂತೆ.

"ಅಯ್ಯ ನನ್ನವ್ವ, ತುತ್ತು ಇಡೂಕಿಂತ ಮೊದಲ ಬಾಯಿ ಹೊಲದಿ? ಈಗ ಹೆಂಗ ಉಣಸ್ಲಿ ಅದಕ್ಕ, ಹೊರಗ ನಿಂತು ಕೂಗಿ ಹೇಳ್ಲೇನು? ಬಿಚ್ಚು, ಬಿಚ್ಚು. ಇಷ್ಟು ಓದಿ ಏನ್ ಬಂತು ನಿನಗ!"

ನಾಲ್ಕನೇ ಹೊಲಿಗೆ ಬಿಚ್ಚುವಾಗ ನನ್ನ ಕೈ ನಿಂತಿತು. ಸೈಟಿಗೂ ನಾನು ಇದನ್ನೇ ಮಾಡಿದ್ದೆ. ರೋಬೋಟನ್ನು ಬಾಗಿಲಲ್ಲೇ ತಡೆದರೆ, 'ಇದನ್ನು ಪಟ್ಟಿಯಲ್ಲಿ ಇಡಬೇಡ' ಎಂಬ ಮಾತನ್ನು ಅದಕ್ಕೆ ಹೇಳುವುದಾದರೂ ಎಲ್ಲಿ? ಒಳಗೆ ಬರದೆ ಅದು ಹಳೆಯ ಪಟ್ಟಿಯನ್ನೇ ಹಿಡಿದುಕೊಂಡು ಹೊರಗೆ ನಿಂತಿತ್ತು.

"ಯಾಕ, ಸೂಜಿ ಚುಚ್ಚಿತೇನು?"

"ಇಲ್ಲ ದೊಡ್ಡವ್ವ. ನಿನ್ನ ಸೈಟಿನ ಬಾಯಿನೂ ಹಿಂಗ ಹೊಲದೇನಿ."

"ಹಂಗಾರ ಅದನ್ನೂ ಬಿಚ್ಚು. ಮೊದಲ ಇದನ್ನ ಬಿಚ್ಚು."

ಮರುದಿನ ನಮ್ಮ ಸೈಟುಗಳ ಸರ್ವರ್ ನೋಡಿಕೊಳ್ಳುವ ಸವಣೂರಿನ ಅಣ್ಣನಿಗೆ ಫೋನು ಮಾಡಿ, ಕೌದಿಯ ಕಥೆ ಸಮೇತ ಕೇಳಿದೆ. ಅವರು ಜೋರಾಗಿ ನಕ್ಕರು. "ಖರೇ ಅದ ನೋಡ್ರಿ. ನಿಮ್ಮ ದೊಡ್ಡವ್ವಾರನ್ನ ನಮ್ಮ ಆಫೀಸಿಗೆ ಕಳಸ್ರಿ, ನಮ್ಮ ಹುಡುಗರಿಗೂ ಕಲಸ್ಲಿ." ಆಮೇಲೆ ಮುಕ್ಕಾಲು ಗಂಟೆ ಫೋನಿನಲ್ಲೇ ಇದ್ದು ಹೇಳಿಕೊಟ್ಟರು. ತಡೆಯುವ ಸಾಲನ್ನು ತೆಗೆದೆ. ಪ್ಲಗಿನ್ನುಗಳ ರೀಡ್‌ಮೀ ಫೈಲನ್ನು ಯಾರು ಕೇಳಿದರೂ ಅದರ ಜೊತೆ 'ಪಟ್ಟಿಗೆ ಸೇರಿಸಬೇಡಿ' ಎಂಬ ಸೂಚನೆಯನ್ನು ಸರ್ವರೇ ಕಳಿಸುವಂತೆ ಮಾಡಿದೆ. ಫೋಲ್ಡರಿನೊಳಗೆ ಏನೇನಿದೆ ಎಂಬ ಪಟ್ಟಿ ಯಾರಿಗೂ ಕಾಣದಂತೆ ಮಾಡಿದೆ. ಫೋಟೋದ ಫೈಲುಗಳನ್ನು ಮುಟ್ಟಲಿಲ್ಲ.

ಜೂನ್ 20: 29. ಜೂನ್ 24: 11. ಜೂನ್ 27: 2. ಜೂನ್ 29, ಶನಿವಾರ: 1. ಆದರೆ ಅಂದು ಮೊದಲ ಸಾಲಿನಲ್ಲೇ ದೊಡ್ಡವ್ವನ ಕೆಂಪು ಅಂಚಿನ ಕೌದಿ ಇತ್ತು.

ಜುಲೈ 1ರಂದು ಶಿಗ್ಗಾವಿಯ ಮೇಡಮ್ಮು ದೊಡ್ಡವ್ವನಿಗೇ ಫೋನು ಮಾಡಿ ಮೇಜು ಅವಳದೇ ಎಂದರು. ಅವಳು ನನಗೆ ಫೋನು ಮಾಡಿ ಹೇಳಿದ್ದು ಇಷ್ಟೇ: "ರೀಡವ್ವ ಶಿಗ್ಗಾವಿಗೆ ಹೊಂಟಾಳ. ನೀನೂ ಬಾ, ಕೌದಿ ಮಡಚಾಕ ಒಬ್ಬಾಕಿ ಬೇಕು."

ಆ ಒಂಬತ್ತು ಹೊಲಿಗೆ ಬಿಚ್ಚಿಸಿದ್ದಕ್ಕೆ ಅವಳಿಗೂ, ಆ ಮುಕ್ಕಾಲು ಗಂಟೆಗೆ ಸವಣೂರಿನ ಅಣ್ಣನಿಗೂ ನಾನು ಋಣಿ. ಇಬ್ಬರೂ ನನ್ನ ತಪ್ಪನ್ನು ಬೇರೆಯವರಿಗೆ ಹೇಳಿ ನಕ್ಕಿದ್ದಾರೆ, ಅದೂ ಸರಿಯೇ.

ಉಳಿದ ಆ ಒಂದು ಕೊಂಡಿ ಈ ಬರಹ ಬರೆಯುವ ಹೊತ್ತಿಗೂ ಹೋಗಿಲ್ಲ. ಅದೂ ಹೋದ ಮೇಲೆ ರೋಬೋಟನ್ನು ಮತ್ತೆ ತಡೆದು ರೀಡ್‌ಮೀಗಳ ಬಾಯಿಯನ್ನು ಹೊಲಿಯಬಹುದೋ, ಹಾಗೇ ತೆರೆದಿಡಬೇಕೋ ನನಗೆ ಗೊತ್ತಿಲ್ಲ. ಸದ್ಯ ತೆರೆದಿಟ್ಟಿದ್ದೇನೆ. ಬಲ್ಲವರು ದಯವಿಟ್ಟು ಬರೆದು ತಿಳಿಸಿ; ತಾರೀಖು ಹಾಕಿ ಡೈರಿಗೆ ಸೇರಿಸಿಕೊಳ್ಳುತ್ತೇನೆ.