ಭೋಜಣ್ಣನ ವೈರಿಂಗ್ ಸರಿಯಾಗಿಯೇ ಇತ್ತು

ಸುಮತಿಯ ಕಂಪ್ಯೂಟರ್ ಸುಟ್ಟಿದ್ದು ನನ್ನ ಕೈಯಿಂದ. ಅವಳ ಸೋದರಮಾವ ಭೋಜಣ್ಣ ಮಾಡಿದ ವೈರಿಂಗಿನಿಂದ ಅಲ್ಲ. ಗೊತ್ತಿದ್ದೂ ನಾನು ತಪ್ಪನ್ನು ಅವರ ಮೇಲೆ ಹಾಕಿದೆ — ಅವರ ಎದುರಲ್ಲೇ ನಿಂತು ಹಾಕಿದೆ — ಎರಡು ವರ್ಷ ಬಾಯಿ ಬಿಡಲಿಲ್ಲ. ಹೋದ ವಾರ ಅವರಿಗೆ ಹೇಳಿದೆ. ಈಗ ಬರೆಯುತ್ತಲೂ ಇದ್ದೇನೆ, ಏಕೆಂದರೆ ನನ್ನ ಸುಳ್ಳು ಎಷ್ಟು ದೂರ ಹೋಗಿತ್ತೋ ಅಷ್ಟು ದೂರವಾದರೂ ಇದು ಹೋಗಬೇಕು. ಮೊದಲ ಸಾಲು ಬರೆದು ಮುಗಿಸಿದಾಗಲೇ ಎದೆ ಹಗುರವಾಯಿತು ಅಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ.

ನನಗೆ ಊಟಿಯಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇದೆ. ಬಿಡಿಭಾಗಗಳನ್ನು ತರಿಸಿ, ಗಿರಾಕಿಗೆ ಬೇಕಾದ ಹಾಗೆ ಜೋಡಿಸಿಕೊಡುವುದು ಕೆಲಸ. ಹೆಂಗಸಿನ ಕೈಗೆ ಇದೆಲ್ಲ ಬಗ್ಗುತ್ತದೆಯೇ ಎಂದು ಮೂಗು ಮುರಿದವರೇ ಆಮೇಲೆ ನನ್ನನ್ನು ‘ಕಂಪ್ಯೂಟರ್ ಅಕ್ಕ’ ಎಂದು ಕರೆಯುತ್ತಾ ಅಂಗಡಿಗೆ ಬಂದರು. ಆ ಹೆಸರು ನನ್ನ ತಲೆಗೆ ಸ್ವಲ್ಪ ಏರಿತ್ತು. ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮಪ್ಪ ಗುಂಡ್ಲುಪೇಟೆ ಕಡೆಯವರು. ಊಟಿ ಪಕ್ಕದ ಕೆತ್ತಿಯ ಕ್ಯಾರೆಟ್, ಬೀಟ್‌ರೂಟ್ ಮೂಟೆಗಳನ್ನು ಲಾರಿಯಲ್ಲಿ ಮೈಸೂರಿಗೆ ಕಳಿಸುವ ವ್ಯಾಪಾರ. ಲಾರಿ ಹೊರಡುವ ಮೊದಲು ಹಗ್ಗವನ್ನು ಅವರೇ ಜಗ್ಗಿ ನೋಡುತ್ತಿದ್ದರು. ಘಾಟ್ ಇಳಿಯುವ ಸಾಮಾನು ಒಂದಿಷ್ಟೂ ಅಲ್ಲಾಡಬಾರದು ಎಂಬುದು ಅವರ ಹಟ. ಅದನ್ನೇ ನಾನು ಕಂಪ್ಯೂಟರಿಗೆ ತಂದೆ. ನನ್ನ ಮೆಷಿನ್ನುಗಳು ಕಲ್ಲಟ್ಟಿ ಘಾಟಿನ ತಿರುವುಗಳಲ್ಲಿ ಜೀಪಿನ ಹಿಂದೆ ಕುಲುಕುತ್ತಾ ಮಸಿನಗುಡಿಗೆ ಹೋಗಬೇಕು, ಗೂಡಲೂರಿಗೆ ಇಳಿಯಬೇಕು. ಹಾಗಾಗಿ ಒಳಗಿನ ಪ್ರತಿಯೊಂದು ಕೇಬಲನ್ನೂ ಪ್ಲಗ್ಗಿನ ಬುಡಕ್ಕೇ ಹಿಡಿದು ಪ್ಲಾಸ್ಟಿಕ್ ಟೈ ಹಾಕಿ, ಪೆಟ್ಟಿಗೆಯ ಗೋಡೆಗೆ ಬಿಗಿಯಾಗಿ ಎಳೆದು ಕಟ್ಟುತ್ತಿದ್ದೆ. ಬೇರೆ ಅಂಗಡಿಯವರ ಮೆಷಿನ್ನುಗಳು ಕೆಳಗೆ ಹೋಗುವಷ್ಟರಲ್ಲಿ ಒಂದಲ್ಲ ಒಂದು ಪ್ಲಗ್ಗು ಸಡಿಲವಾಗುತ್ತಿತ್ತು. ನನ್ನವು ಆಗುತ್ತಿರಲಿಲ್ಲ. ಹಳೆಯ ದಪ್ಪ ಪ್ಲಗ್ಗುಗಳ ಕಾಲದಲ್ಲಿ ಆ ಕಟ್ಟು ಸರಿಯಾಗಿಯೇ ಇತ್ತು — ಅದೇ ನನ್ನನ್ನು ಕೆಡಿಸಿತು.

ವಿಡಿಯೋ ಕೆಲಸಕ್ಕೆ ಹಾಕುವ ಹೊಸ ದುಬಾರಿ ಗ್ರಾಫಿಕ್ಸ್ ಕಾರ್ಡುಗಳ ಪ್ಲಗ್ಗು ಬೇರೆ. ಬೆರಳಿನ ಎರಡು ಗೆಣ್ಣಿನಷ್ಟೂ ಉದ್ದವಿಲ್ಲ. ಆದರೆ ಹಿಂದೆ ಒಂದು ಇಡೀ ಕಂಪ್ಯೂಟರಿಗೆ ಬೇಕಾಗುತ್ತಿದ್ದದ್ದಕ್ಕಿಂತ ಹೆಚ್ಚು ಕರೆಂಟು ಅದರೊಳಗೆ ಹರಿಯುತ್ತದೆ. ಪೂರ್ತಿ ಒಳಗೆ ಕೂರದಿದ್ದರೆ, ಓರೆಯಾದರೆ, ಒಂದೆರಡು ಪಿನ್ನುಗಳ ಮೇಲೇ ಭಾರ ಬಿದ್ದು ಕಾದು ಕರಗುತ್ತದೆ. ಕಾರ್ಡಿನ ಜೊತೆ ಬಂದ ಚೀಟಿಯಲ್ಲಿ ಪ್ಲಗ್ಗಿನ ಹತ್ತಿರ ತಂತಿ ಬಗ್ಗಿಸಬೇಡಿ ಎಂದು ಚಿತ್ರ ಸಮೇತ ಇತ್ತು. ಕರಗಿದ ಪ್ಲಗ್ಗುಗಳ ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿಯೂ ಇದ್ದೆ. ಕೂರಿಸಲು ಬಾರದವರ ಕಥೆ ಇದು, ನನಗೇನು — ಎಂದುಕೊಂಡಿದ್ದೆ.

ಸುಮತಿ ಮಸಿನಗುಡಿ ಪಕ್ಕದ ಬೊಕ್ಕಾಪುರದವಳು. ಕಾಡಿನ ಪ್ರಾಣಿಗಳನ್ನು ಚಿತ್ರೀಕರಿಸುವವರು ತಂದುಕೊಡುವ ವಿಡಿಯೋಗಳನ್ನು ಮನೆಯಲ್ಲೇ ಕೂತು ಎಡಿಟ್ ಮಾಡುತ್ತಾಳೆ. ಅವಳಿಗಾಗಿ ಅಂಥದೊಂದು ಕಾರ್ಡು ಹಾಕಿ ಮೆಷಿನ್ ಜೋಡಿಸಿದೆ, ಎಂದಿನಂತೆ ಕಟ್ಟಿದೆ, ಜೀಪು ಹತ್ತಿಸಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದು ವಾಪಸ್ ಬಂತು. ಕೆಲಸದ ನಡುವೆ ಸುಟ್ಟ ವಾಸನೆ ಬಂದು, ಪರದೆ ಕಪ್ಪಾಯಿತಂತೆ. ಹೊತ್ತು ತಂದವರು ಭೋಜಣ್ಣ, ಜೊತೆಗೆ ಸುಮತಿ.

ಭೋಜಣ್ಣ ನೀಲಗಿರಿಯ ಬಡಗ ಜನದವರು, ಆ ಕಡೆಯ ಮನೆಗಳಿಗೆಲ್ಲ ವೈರಿಂಗ್ ಮಾಡುತ್ತಿದ್ದವರು. ಮನೆಯಲ್ಲಿ ಅವರ ಮಾತು ಬಡಗ, ಪೇಟೆಯಲ್ಲಿ ತಮಿಳು. ನನ್ನ ಜೊತೆ ಮಾತ್ರ ಮೈಸೂರು ಕಡೆಯ ಕನ್ನಡ ಆಡಲು ಅವರಿಗೆ ಖುಷಿ. ಮೆಷಿನ್ನನ್ನು ಮೇಜಿನ ಮೇಲಿಟ್ಟು, ಟೋಪಿ ತೆಗೆದು, ಪಕ್ಕಕ್ಕೆ ನಿಂತರು.

ಮುಚ್ಚಳ ತೆಗೆದೆ. ಒಂದೇ ನೋಟಕ್ಕೆ ಗೊತ್ತಾಯಿತು. ಪ್ಲಗ್ಗಿನ ಒಂದು ಬದಿ ಉಗುರಿನ ದಪ್ಪದಷ್ಟು ಹೊರಗೆ ಬಂದಿತ್ತು — ನನ್ನ ಟೈ ಅದನ್ನು ಗೋಡೆಯ ಕಡೆಗೆ ಎಳೆದು ಹಿಡಿದಿತ್ತು. ಆ ಬದಿಯ ಎರಡು ತೂತುಗಳು ಕರಗಿ ಕಪ್ಪಾಗಿದ್ದವು. ಇನ್ನೊಂದು ಬದಿ ಹೊಸದರಂತೆ ಬೆಳ್ಳಗಿನ ಪಿನ್ನುಗಳ ಸಮೇತ ಚೆನ್ನಾಗಿಯೇ ಇತ್ತು. ಮನೆಯ ಕರೆಂಟಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಆಗ ನಾನು ಹೇಳಿದೆ —

“ನಿಮ್ಮನೆ ವೈರಿಂಗೇ ಸರಿಯಿಲ್ಲ ಸುಮತಿ. ಅರ್ತಿಂಗ್ ಯಾರು ಮಾಡಿದ್ದು?”

ಗೊತ್ತಿತ್ತು ನನಗೆ, ಯಾರು ಮಾಡಿದ್ದು ಅಂತ. ಭೋಜಣ್ಣ ಮೆಲ್ಲಗೆ, “ನಾನೇ ಅಕ್ಕ,” ಎಂದರು. ಅಷ್ಟೇ. ವಾದಿಸಲಿಲ್ಲ. ನಾನು ಪಳಗಿದ ಕೈ, ನಾನು ಹೇಳಿದ್ದು ನಿಜವೇ ಇರಬೇಕು ಎಂದು ನಂಬಿದರು. ಆಗಲೇ ಹೇಳಿಬಿಡಬಹುದಿತ್ತು, ಇಲ್ಲ ಭೋಜಣ್ಣ, ಇಲ್ಲಿ ನೋಡಿ ಎಂದು. ನಾಲಿಗೆ ತುದಿಗೆ ಬಂದಿತ್ತು ಎಂದು ಈಗ ಅನ್ನಿಸುತ್ತದೆ. ನಿಜವಾಗಿ ಬಂದಿತ್ತೋ ಇಲ್ಲವೋ —

ಕಾರ್ಡಿನ ಕಂಪನಿಯವರು ಹೊಸದನ್ನು ಕೊಟ್ಟರು. ಈ ಸಲ ಟೈ ಹಾಕದೆ, ಪ್ಲಗ್ಗನ್ನು ಟಕ್ ಎನ್ನುವ ತನಕ ಒತ್ತಿ, ಕೇಬಲನ್ನು ಸಡಿಲವಾಗಿ ಬಿಟ್ಟು ಜೋಡಿಸಿದೆ. ಆಮೇಲೆ ಹೆದರಿಕೆ ಶುರುವಾಯಿತು. ಅದೇ ರೀತಿ ಕಟ್ಟಿ ಕಳಿಸಿದ ಮೆಷಿನ್ನುಗಳು ಇನ್ನೂ ಒಂಬತ್ತು ಇದ್ದವು. ಮಲಗುವ ಕೋಣೆಯಲ್ಲಿ, ಹಲಗೆ ಗೋಡೆಯ ಪಕ್ಕ, ಕಂಬಳಿಗಳ ಮಧ್ಯೆ — ಎಲ್ಲಿ ಬೇಕಾದರೂ ಇರಬಹುದು. ಧೂಳು ತೆಗೆಯುವ ಪುಕ್ಕಟೆ ಸೇವೆ ಎಂದು ಸುಳ್ಳು ನೆಪ ಹೇಳಿ ಮನೆಮನೆಗೆ ಹೋಗಿ ಒಂಬತ್ತನ್ನೂ ತೆರೆದು, ಟೈ ಕತ್ತರಿಸಿ, ಪ್ಲಗ್ಗು ಸರಿಯಾಗಿ ಕೂರಿಸಿ ಬಂದೆ. ಗೂಡಲೂರಿನ ಒಂದು ಪ್ಲಗ್ಗು ಕಂದು ತಿರುಗಿತ್ತು, ಅದನ್ನು ಬದಲಾಯಿಸಿದೆ. ಉಳಿದವು ಚೆನ್ನಾಗಿದ್ದವು. ಕೊನೆಯದನ್ನು ಮುಗಿಸಿದ ದಿನ ಆ ಮನೆಯವರು ಕೊಟ್ಟ ಟೀ ಕುಡಿಯುತ್ತಾ ಅಳು ಬಂತು. ಧೂಳು ಕಣ್ಣಿಗೆ ಹೋಯಿತು ಅಂದೆ.

ಯಾರ ಮನೆಯೂ ಸುಡಲಿಲ್ಲ, ಇನ್ನೇನು, ಮುಗಿಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಗಿದಿರಲಿಲ್ಲ. ಭೋಜ ಎಳೆದ ಲೈನಿನಲ್ಲಿ ಅಷ್ಟು ದೊಡ್ಡ ಮೆಷಿನ್ ಸುಟ್ಟುಹೋಯಿತಂತೆ ಎಂಬ ಮಾತು ಬೊಕ್ಕಾಪುರದಿಂದ ಮಸಿನಗುಡಿಯವರೆಗೂ ಹಬ್ಬಿತ್ತು. ಜನ ಅವರನ್ನು ಕೆಲಸಕ್ಕೆ ಕರೆಯುವುದು ಬಿಟ್ಟರು. ಅವರೋ ತಂಗಿಯ, ಅಂದರೆ ಸುಮತಿಯ ತಾಯಿಯ, ಮನೆಯ ಅರ್ತಿಂಗ್ ಗುಂಡಿ ಅಗೆದು, ಹೊಸದಾಗಿ ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದು ಮುಚ್ಚಿದರು. ತಪ್ಪು ಸಿಗಲಿಲ್ಲ. ಮತ್ತೆ ಅಗೆದರು. ಕೊನೆಗೆ ಟೂಲ್ ಬ್ಯಾಗನ್ನು ಅಟ್ಟಕ್ಕೆ ಹಾಕಿ ಒಂದು ರೆಸಾರ್ಟಿನ ಗೇಟಿನಲ್ಲಿ ವಾಚ್‌ಮನ್ ಆದರು. ಇದೆಲ್ಲ ಸುಮತಿ ಆಗಾಗ ಫೋನಿನಲ್ಲಿ ಹೇಳುತ್ತಿದ್ದಳು. ನಾನು ಅಯ್ಯೋ ಪಾಪ ಎನ್ನುತ್ತಿದ್ದೆ. ಹೌದು, ಹಾಗೆ ಎನ್ನುತ್ತಿದ್ದೆ.

ಹೋದ ತಿಂಗಳು ಅವಳು ಮತ್ತೆ ಫೋನ್ ಮಾಡಿದಳು. ಮನೆಗೆ ಹೊಸ ಕೋಣೆ ಕಟ್ಟಿಸುತ್ತಿದ್ದಾರೆ. “ವೈರಿಂಗಿಗೆ ಗೂಡಲೂರಿಂದ ಆಳು ಬರ್ತಾರೆ ಅಕ್ಕ. ಮಾಮನೇ ಹೇಳಿದ್ದು, ನನ್ನ ಕೈ ಬೇಡಮ್ಮ, ಮನೇಲಿ ಜನ ಮಲಗ್ತಾರೆ ಅಂತ,” ಎಂದಳು. ಫೋನು ಇಟ್ಟ ಮೇಲೆ ಕೆಲಸ ಮಾಡಲು ಆಗಲಿಲ್ಲ. ಊರು ಅವರನ್ನು ನಂಬದಿದ್ದದ್ದು ಒಂದು. ಅವರೇ ತಮ್ಮನ್ನು ನಂಬದ ಹಾಗೆ ಮಾಡಿಬಿಟ್ಟಿದ್ದೆನಲ್ಲ. ಆದರೂ ಹೊರಡಲು ಮೂರು ವಾರ ಬೇಕಾಯಿತು. ಅಷ್ಟು ಹೇಡಿ ನಾನು.

ಸಣ್ಣ ಬಸ್ಸು ಹಿಡಿದು ಹೋದೆ. ಕರಗಿದ ಆ ಪ್ಲಗ್ಗನ್ನು ಎಸೆದಿರಲಿಲ್ಲ, ಬ್ಯಾಗಿನಲ್ಲಿತ್ತು. ರೆಸಾರ್ಟಿನ ಗೇಟಿನ ಬಳಿ ಅವರ ಕೈಗೆ ಅದನ್ನು ಕೊಟ್ಟು, ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ನಾನು ಮುಗಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. ಕಸಬು ಬಲ್ಲವರಲ್ಲವೇ. ತಿರುಗಿಸಿ ತಿರುಗಿಸಿ ನೋಡಿದರು.

“ಇದು ಅರ್ಧ ಕೂತಿದೆ,” ಎಂದರು. ಕರಗಿದ ತೂತುಗಳ ಮೇಲೆ ಬೆರಳಾಡಿಸಿ, “ಹಂಗಾದ್ರೆ ನನ್ನ ಅರ್ತಿಂಗ್ ಸರಿಯಾಗೇ ಇತ್ತು.”

“ಸರಿಯಾಗೇ ಇತ್ತು ಭೋಜಣ್ಣ.”

ಅವರು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು. ಬೈಯುತ್ತಾರೆ ಎಂದು ಕಾದೆ. ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ — ಬಿಡುಗಡೆ. ಹಗುರವಾಗಲು ಹೋದವಳು ನಾನು, ನನಗಿಂತ ಮೊದಲು ಹಗುರವಾದವರು ಅವರು. ಅದನ್ನು ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು. ಸಿಟ್ಟು ಆಮೇಲೆ ಬಂತು. “ಗುಂಡಿ ಎರಡು ಸಲ ಅಗೆದೆ ಅಕ್ಕ. ಅಲ್ಲಿ ಏನು ಹುಡುಕ್ತಾ ಇದ್ದೀನಿ ಅಂತ ನನಗೇ ಗೊತ್ತಾಗ್ತಿರಲಿಲ್ಲ,” ಎಂದರು.

“ನನಗೊಬ್ಬನಿಗೆ ಹೇಳಿದ್ರೆ ಆಗಲ್ಲ,” ಎಂದು ಎದ್ದರು. ನಾನೂ ಅದಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಅವರ ತಂಗಿಯ ಮನೆಯಲ್ಲಿ ಹೇಳಿದೆ. ಸುಮತಿ ಎದ್ದು ಒಳಗೆ ಹೋದಳು; ಇವತ್ತಿಗೂ ನನಗೆ ಫೋನ್ ಮಾಡಿಲ್ಲ. ಅದು ಅವಳ ಹಕ್ಕು. ಆಮೇಲೆ ಮಸಿನಗುಡಿ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ, ಜೀಪು ಡ್ರೈವರುಗಳೆಲ್ಲ ಕೂತಿರುವಾಗ ಭೋಜಣ್ಣನ ಪಕ್ಕ ನಿಂತು ಹೇಳಿದೆ. ತಮಿಳಿನಲ್ಲೂ ಹೇಳಿದೆ, ಯಾರಿಗೂ ತಪ್ಪಿಹೋಗಬಾರದು ಎಂದು. ಒಬ್ಬ ನಕ್ಕ. ಒಬ್ಬ ನನ್ನನ್ನು ಬೈದ. ಮತ್ತೊಬ್ಬ ನನ್ನ ಕಡೆ ನೋಡದೆಯೇ, ಭೋಜಣ್ಣ ನಾಳೆ ಬಿಡುವಿದೆಯಾ, ನಮ್ಮ ಪಂಪ್‌ಸೆಟ್ ಸ್ಟಾರ್ಟರ್ ಹಿಡಿಯುತ್ತಿಲ್ಲ ಎಂದು ಕೇಳಿದ.

ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಭೋಜಣ್ಣ ನನ್ನನ್ನು ಮತ್ತೆ ತಂಗಿಯ ಮನೆಗೆ, ಕಟ್ಟುತ್ತಿದ್ದ ಹೊಸ ಕೋಣೆಗೆ ಕರೆದುಕೊಂಡು ಹೋದರು. ಗೂಡಲೂರಿನವರಿಗೆ ಬರಬೇಡಿ ಎಂದು ಅವರ ತಂಗಿ ಆಗಲೇ ಫೋನ್ ಮಾಡಿದ್ದರು. ಭೋಜಣ್ಣ ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಸ್ವಿಚ್ ಬೋರ್ಡಿನ ಜಾಗ ಗುರುತು ಮಾಡುತ್ತಾ, ನನ್ನ ಕಡೆ ತಿರುಗದೆ ಕೇಳಿದರು: “ಸುಮತಿ ಮೆಷಿನ್ನಿಗೆ ಪಾಯಿಂಟ್ ಎಲ್ಲಿ ಕೊಡ್ಲಿ?”

“ನಿಮಗೆ ಎಲ್ಲಿ ಸರಿ ಅನ್ಸುತ್ತೋ ಅಲ್ಲಿ ಕೊಡಿ,” ಎಂದೆ.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಎದೆಯ ಮೇಲಿನ ಭಾರ ಇಳಿದಿದೆ, ನಿಜ. ಆದರೆ ಅವರು ಗುಂಡಿ ಅಗೆದು, ಗೇಟಿನಲ್ಲಿ ಕೂತು ಕಳೆದ ಆ ಎರಡು ವರ್ಷ ಇದೆಯಲ್ಲ — ಅದನ್ನು ನಾನು ಅವರಿಗೆ ವಾಪಸ್ ಕೊಡಲಾರೆ.